ನಂಜುಂಡನ ಎರಡು ಆಟೋಗಳು

ಪೋರೂರು ಕೆರೆಯ ಕಡೆಯಿಂದ ಬರುವ ರಸ್ತೆ ಆಸ್ಪತ್ರೆಯ ಕಾಂಪೌಂಡಿಗೆ ತಾಗುವಲ್ಲಿ ಒಂದು ಆಟೋ ಸ್ಟ್ಯಾಂಡಿದೆ. ಅಲ್ಲಿ ನಿಲ್ಲುವ ಹನ್ನೊಂದು ಆಟೋಗಳಲ್ಲಿ ಹತ್ತು ಬಾಡಿಗೆಗೆ ಸಿಗುತ್ತವೆ. ಹನ್ನೊಂದನೆಯದು ನಂಜುಂಡನದು.

ಚೆನ್ನೈನಲ್ಲಿ ಆಟೋ ಓಡಿಸುವವರಿಗೂ ಹತ್ತುವವರಿಗೂ ನಡುವೆ ಇರುವುದು ಹಳೆಯ ಯುದ್ಧ. ಅದರ ನಿಯಮಗಳು ಎರಡೂ ಪಕ್ಷಕ್ಕೆ ಗೊತ್ತು. ಒಬ್ಬ ಜಾಸ್ತಿ ಹೇಳಬೇಕು, ಇನ್ನೊಬ್ಬ ನಡೆದೇ ಹೋಗುವವನಂತೆ ನಾಲ್ಕು ಹೆಜ್ಜೆ ಹಾಕಬೇಕು, ಮೊದಲಿನವನು ಹಿಂದಿನಿಂದ ಕೂಗಿ ಕರೆಯಬೇಕು, ಕೊನೆಗೆ ಇಬ್ಬರೂ ಮೋಸಹೋದ ಮುಖ ಹೊತ್ತು ಹೊರಡಬೇಕು. ನಂಜುಂಡ ಈ ಧರ್ಮಯುದ್ಧಕ್ಕೂ ಇಳಿಯುವವನಲ್ಲ. "ಆಟೋ ವರುಮಾ?" ಎಂದು ಯಾರಾದರೂ ಕೇಳಿದರೆ ತಲೆ ಎತ್ತದೆ "ವರಾದು" ಎನ್ನುತ್ತಿದ್ದ. ಬರುವುದಿಲ್ಲ. ಎಲ್ಲಿಗೆ ಅಂತ ಕೂಡ ಕೇಳಲಿಲ್ಲವಲ್ಲಪ್ಪಾ ಎಂದರೆ, "ಎಲ್ಲಿಗಾದ್ರೂ" ಎನ್ನುತ್ತಿದ್ದ.

ಕಾರಣ ಅವನ ಅಂಗೈಯಲ್ಲಿತ್ತು. 'ಆಟೋ ಮಹಾರಾಜ' ಎಂಬ ಫೋನಿನ ಆಟ. ಆಡುವವನಿಗೆ ಅದರಲ್ಲಿ ಒಂದು ಹಳದಿ ಆಟೋ ಸಿಗುತ್ತದೆ. ಯಾವ ಊರೂ ಅಲ್ಲದ ಒಂದು ಊರಿನಲ್ಲಿ, ತೆಂಗಿನ ಮರಗಳ ಕೆಳಗೆ, ತಲೆಯ ಮೇಲೆ ಹಸಿರು ದೀಪ ಹೊತ್ತ ಪ್ರಯಾಣಿಕರು ನಿಂತಿರುತ್ತಾರೆ. ಅವರನ್ನು ಹತ್ತಿಸಿಕೊಂಡು ಇಳಿಸಬೇಕು, ಅಷ್ಟೆ. ಹೌದು, ನೀವು ಸರಿಯಾಗಿಯೇ ಓದಿದಿರಿ. ಖಾಕಿ ಅಂಗಿ ತೊಟ್ಟ, ಬ್ಯಾಡ್ಜು ಚುಚ್ಚಿಕೊಂಡ, ಲೈಸೆನ್ಸು ಪಡೆದ ಈ ಮಹಾಪುರುಷ, ನಿಜವಾದ ಆಟೋವನ್ನು ನಿಲ್ಲಿಸಿ, ಅದರ ಹಿಂದಿನ ಸೀಟಿನಲ್ಲಿ ಕಾಲು ಮಡಚಿ ಕುಳಿತು, ಸುಳ್ಳು ಆಟೋ ಓಡಿಸುತ್ತಿದ್ದ. ಬಾಡಿಗೆ ಕೇಳಿ ಬಂದವರಿಗೆ ಹತ್ತಲು ಜಾಗವೇ ಇರುತ್ತಿರಲಿಲ್ಲ; ಅಲ್ಲಿ ಚಾಲಕ ಕುಳಿತಿರುತ್ತಿದ್ದ.

ಇವನ ವಂಶಾವಳಿಯನ್ನೂ ಹೇಳಿಬಿಡುತ್ತೇನೆ. ಅಪ್ಪ ಚಾಮರಾಜನಗರದ ಕಡೆಯಿಂದ ಬಂದು ಪೆರಂಬೂರಿನ ರೈಲ್ವೆ ಕಾರ್ಖಾನೆಯಲ್ಲಿ ಬೋಗಿಗಳಿಗೆ ಬಣ್ಣ ಹೊಡೆದವರು. ಮಗನಿಗೆ ರೈಲ್ವೆ ಸಿಗಲಿಲ್ಲ, ತಮ್ಮಯ್ಯನ ಮಗಳು ಉಮಾಮಹೇಶ್ವರಿ ಸಿಕ್ಕಳು. ತಮ್ಮಯ್ಯ ಅಂದರೆ ಈ ಸ್ಟ್ಯಾಂಡನ್ನು ಕಟ್ಟಿದ ತಲೈವರ್, ಇವತ್ತಿಗೂ ಅದರ ಅಧ್ಯಕ್ಷ. ಹಣೆಗೆ ಮೂರು ಬೆರಳಿನ ವಿಭೂತಿ, ಕೈಯಲ್ಲಿ ಸೀಟಿ. ಮದುವೆಯಾದ ಮೇಲೆ ಅಳಿಯನಿಗೆ ಸ್ಟ್ಯಾಂಡಿನಲ್ಲಿ ತಮ್ಮದೇ ಜಾಗ ಬಿಟ್ಟುಕೊಟ್ಟರು. ಸ್ಟ್ಯಾಂಡಿನಲ್ಲಿ ಜಾಗ ಇಲ್ಲದ ಆಟೋ ಚೆನ್ನೈನಲ್ಲಿ ಬೀದಿ ನಾಯಿ ಇದ್ದ ಹಾಗೆ. ಎಲ್ಲಿ ನಿಂತರೂ ಪೊಲೀಸರು ಕೋಲೆತ್ತುತ್ತಾರೆ, ಉಳಿದ ಡ್ರೈವರುಗಳು ಬೊಗಳುತ್ತಾರೆ. ಆ ಜಾಗವೇ ಅವನ ಆಸ್ತಿ. ಹೆಂಡತಿ, ಅನ್ನ, ಗ್ಯಾಸು, ಫೋನಿನ ರೀಚಾರ್ಜು, ಎಲ್ಲವೂ ಅದರ ಮೇಲೆ ನಿಂತಿದ್ದವು.

ಆಟದಲ್ಲಿ ಏನಿದೆ ಅಂಥ ಆಕರ್ಷಣೆ? ನಾನೂ ಒಮ್ಮೆ ಅವನ ಪಕ್ಕದಲ್ಲಿ ಕುಳಿತು ನೋಡಿದೆ. ಅಲ್ಲಿನ ಪ್ರಯಾಣಿಕರಿಗೆ ಬಾಯಿಲ್ಲ. "ಇನ್ನೊಂಚೂರು ಮುಂದೆ, ಆ ಹಸಿರು ಗೇಟು" ಅನ್ನುವುದಿಲ್ಲ. ಮೂವರೆಂದು ಹೇಳಿ ಐವರು ಹತ್ತುವುದಿಲ್ಲ. ಮೀನಿನ ಬುಟ್ಟಿ, ಗ್ರೈಂಡರು, ವಾಂತಿ ಮಾಡುವ ಮಗು ತರುವುದಿಲ್ಲ. ಮೀಟರು ಓಡಿದಷ್ಟೂ ಅಂಕ, ಸುತ್ತು ಹಾಕಿದಷ್ಟೂ ಸಂಭಾವನೆ. ಕಂಬಕ್ಕೆ ಗುದ್ದಿದರೆ ಕಂಬವೇ ಎದ್ದು ನಿಂತು ಧೂಳು ಕೊಡವಿಕೊಳ್ಳುತ್ತದೆ. ಪೊಲೀಸನು ಸೀಟಿ ಊದುತ್ತಾನೆ, ಮರುಕ್ಷಣ ಮರೆತುಬಿಡುತ್ತಾನೆ. ಇದನ್ನು ಸ್ವರ್ಗ ಅನ್ನದೆ ಇನ್ನೇನು ಅನ್ನಬೇಕು?

ಇನ್ನೊಂದು ಗುಟ್ಟೂ ಇತ್ತು. ಇಡೀ ಪೋರೂರಿನಲ್ಲಿ ನಂಜುಂಡನಷ್ಟು ಪುಕ್ಕಲು ಡ್ರೈವರು ಬೇರೆ ಇಲ್ಲ. ಲಾರಿ ಕಂಡರೆ ಎದೆ ಡವಡವ. ಸಿಗ್ನಲಿನ ವೃತ್ತವನ್ನು ಅವನು, ಮೊದಲ ಸಲ ಸಮುದ್ರಕ್ಕೆ ಇಳಿಯುವ ಅಜ್ಜಿಯಂತೆ, ಎರಡು ಸಲ ಮುಂದೆ ಹೋಗಿ ಒಂದು ಸಲ ಹಿಂದೆ ಬಂದು ದಾಟುತ್ತಿದ್ದ. ಸೈಕಲ್ಲಿನಲ್ಲಿ ಇಡ್ಲಿ ಮಾರುವವರು ಅವನನ್ನು ಹಿಂದೆ ಹಾಕಿ ಹೋಗುವಾಗ ಟಾಟಾ ಮಾಡುತ್ತಿದ್ದರು. ಅಂಥವನು ಫೋನಿನಲ್ಲಿ ಎರಡು ಚಕ್ರದ ಮೇಲೆ ಫ್ಲೈಓವರ್ ಹಾರಿಸುತ್ತಿದ್ದ. ಪ್ರತಿ ಭಾನುವಾರ ಸಂಜೆ ಆರಕ್ಕೆ ಲೆಕ್ಕ ಮುಗಿದು, ಹೆಚ್ಚು ಅಂಕದವನ ಆಟೋ ಮೇಲೆ ಚಿನ್ನದ ಕಿರೀಟ ಕೂರುತ್ತಿತ್ತು. ಆ ಕಿರೀಟ ನಂಜುಂಡನದು. ಅದರ ಮೇಲೆ ಕಣ್ಣಿಟ್ಟಿದ್ದವನು ಮಿಥುನ್ ಎಂಬ ಒಬ್ಬ ಪರಾಕ್ರಮಿ, ಯಾರೋ, ಎಲ್ಲಿಯವನೋ. ಮುಖ ನೋಡದ ಈ ವೈರಿಯನ್ನು ನಂಜುಂಡ ದಾಯಾದಿಗಿಂತ ಹೆಚ್ಚು ದ್ವೇಷಿಸುತ್ತಿದ್ದ.

ಸ್ಟ್ಯಾಂಡಿನ ಪದ್ಧತಿ ಹೀಗೆ. ಸಾಲಿನಲ್ಲಿ ಮೊದಲು ನಿಂತವನಿಗೆ ಮೊದಲ ಬಾಡಿಗೆ. ಒಲ್ಲೆ ಎಂದರೆ ಅವನು ಸಾಲಿನ ಬಾಲಕ್ಕೆ ಹೋಗಬೇಕು. ಬೇರೆಯವರಿಗೆ ಅದು ಶಿಕ್ಷೆ. ನಂಜುಂಡನಿಗೆ ಬಾಲವೇ ಸಿಂಹಾಸನ. ಅಲ್ಲಿ ಬೇವಿನ ನೆರಳಿತ್ತು, ಟೀ ಅಂಗಡಿಯ ಚಾರ್ಜರಿನ ವೈರು ಅಲ್ಲಿಗೇ ಎಟುಕುತ್ತಿತ್ತು. ಒಂದು "ವರಾದು" ಹೇಳಿದರೆ ಒಂದು ಗಂಟೆ ಸಾಮ್ರಾಜ್ಯ. ಉಳಿದ ಹತ್ತು ಮಂದಿಗೂ ಆಕ್ಷೇಪವಿರಲಿಲ್ಲ. ಅವನು ಬಿಟ್ಟ ಬಾಡಿಗೆ ಅವರಿಗೇ ತಾನೆ.

ಹೀಗಿರುವಾಗ ವಾಸಂತಿಯವರು ರಣರಂಗ ಪ್ರವೇಶ ಮಾಡಿದರು.

ವಾಸಂತಿ ಧಾರವಾಡದವರು, ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು. ಆಟೋದವರ ಜೊತೆ ಜಗಳವಾಡಿಯೇ ಅವರ ಗಂಟಲು ಪದವಿಗೆ ತಕ್ಕ ಗಾತ್ರ ಪಡೆದಿತ್ತು. ಆ ದಿನ ಆಸ್ಪತ್ರೆಯಲ್ಲಿ ಕಣ್ಣು ಪರೀಕ್ಷೆಗೆಂದು ಹನಿ ಹಾಕಿಸಿಕೊಂಡು, ಎಲ್ಲವೂ ಮಂಜಾಗಿ, ಕಪ್ಪು ಕನ್ನಡಕ ಹಾಕಿಕೊಂಡು ಹೊರಬಂದರು. ಸಾಲಿನ ಮೊದಲ ಆಟೋ ಖಾಲಿ ಕಂಡಿತು. ಹತ್ತಿ, ಕೈಯಲ್ಲಿದ್ದ ಭಾರದ ಬ್ಯಾಗನ್ನು ಸೀಟಿನ ಮೇಲೆ ಇಟ್ಟರು. ಸೀಟು "ಅಯ್ಯಯ್ಯೋ!" ಎಂದಿತು. ಅದು ನಂಜುಂಡನ ತೊಡೆ.

"ಯಾರದು? ಸವಾರಿ ಇರುಕ್ಕು, ಇರಂಗುಮಾ!" ಎಂದ ನಂಜುಂಡ. ಸವಾರಿ ಇದೆ, ಇಳಿಯಮ್ಮ.

"ಸವಾರಿಯಾ? ಎಂಗ?" ಎಲ್ಲಿ ಎಂದು ಕೇಳುತ್ತ ವಾಸಂತಿ ಖಾಲಿ ಆಟೋವನ್ನು ಸುತ್ತ ತಡಕಿದರು.

ನಂಜುಂಡ ಫೋನನ್ನು ಅವರ ಕಪ್ಪು ಕನ್ನಡಕದ ಮುಂದೆ ಹಿಡಿದ. ಅದರಲ್ಲಿ ಹಸಿರು ದೀಪದ ಒಬ್ಬ ಮುದುಕ ಕಾಯುತ್ತಿದ್ದ. ಆಮೇಲೆ ತನ್ನಷ್ಟಕ್ಕೆ ಕನ್ನಡದಲ್ಲಿ ಗೊಣಗಿದ: "ಕಣ್ ಕಾಣ್ದೇ ಇದ್ರೂ ಬಾಯ್ ಮಾತ್ರ ಊರಗಲ."

ಕನ್ನಡದವರು ಎಂದು ಗೊತ್ತಾದ ಮೇಲೆ ಪರವೂರಿನಲ್ಲಿ ಎರಡು ಹೃದಯಗಳು ಕರಗಿದವು ಎಂದು ನೀವು ನಿರೀಕ್ಷಿಸುತ್ತಿದ್ದರೆ, ಕ್ಷಮಿಸಿ. ಅಲ್ಲಿಯವರೆಗೆ ತಮಿಳಿನಲ್ಲಿ ತಡವರಿಸುತ್ತಿದ್ದ ವಾಸಂತಿಯವರಿಗೆ ಈಗ ಆಯುಧಾಗಾರವೇ ತೆರೆದಂತಾಯಿತು.

"ಏನಂದ್ರಿ? ಏನಂದ್ರಿ ನೀವು? ಊರಗಲ ಬಾಯಿ ಇನ್ನೂ ನೀವು ನೋಡೇ ಇಲ್ಲ! ಆಟೋದಾಗ ಕೂತು ಆಟೋ ಆಟ ಆಡ್ತೀರಿ, ನಾಚಿಕಿ ಬರೂದಿಲ್ಲೇನು? ಅಡಗಿ ಮಾಡವ ಚಿತ್ರದಾಗಿನ ಅನ್ನಾ ಉಂಡ್ರ ಹೊಟ್ಟಿ ತುಂಬತದೇನ್ರೀ?"

"ನಮ್ ಗಾಡಿ, ನಮ್ ಫೋನು, ನಿಮ್ಗೇನಮ್ಮಾ ಕಷ್ಟ?"

"ತಡೀರಿ, ತೋರಸ್ತೇನಿ ಕಷ್ಟ ಯಾರಿಗಂತ."

ತೋರಿಸಿದರು. ಗೋಡೆ ತಡವುತ್ತ ಆಸ್ಪತ್ರೆಯೊಳಗೆ ಹಿಂತಿರುಗಿ, ಗೇಟಿನ ಉಸ್ತುವಾರಿ ಪ್ರಮೋದ್ ಎಂಬವರ ಮುಂದೆ ಅರ್ಧ ಗಂಟೆ ಭಾಷಣ ಮಾಡಿದರು. ಪ್ರಮೋದ್ ಹೊರಗೆ ಬಂದು ತಮ್ಮಯ್ಯನಿಗೆ ಒಂದೇ ಮಾತು ಹೇಳಿದರು: ರೋಗಿಗಳಿಗೆ ಬರುವುದಿಲ್ಲ ಎನ್ನುವ ಆ ಆಟೋ ಇಲ್ಲಿಂದ ಹೋಗಬೇಕು, ಇಲ್ಲವೇ ಇಡೀ ಸ್ಟ್ಯಾಂಡು ಹೋಗಬೇಕು.

ಸಂಜೆ ಬೇವಿನ ಕೆಳಗೆ ಸಭೆ ಸೇರಿತು. ತಮ್ಮಯ್ಯ ಸೀಟಿ ಊದಿದರು. ಅವರು ತಮಿಳಿನಲ್ಲಿ ಬೈದರೆ ಅಧ್ಯಕ್ಷರು, ಕನ್ನಡದಲ್ಲಿ ಬೈದರೆ ಮಾವ. ಅಂದು ಎರಡರಲ್ಲೂ ಬೈದರು. ಜಾಗ ಕೊಟ್ಟ ಕೈ ಕಚ್ಚಿದವನು, ಮಗಳ ತಲೆಗೆ ಕಲ್ಲಾದವನು, ಮೂರು ಚಕ್ರದ ಸೋಮಾರಿ. ಇಷ್ಟು ದಿನ ಅವನ ಬಾಡಿಗೆಗಳನ್ನು ಸದ್ದಿಲ್ಲದೆ ನುಂಗಿದ್ದ ಹತ್ತು ಮಂದಿಯೂ ತಲೆಯಾಡಿಸಿದರು.

"ಮಾವ, ಇನ್ಮೇಲೆ ಬಾಲದಲ್ಲೇ ನಿಂತ್ಕೋತೀನಿ, ಯಾರ ತಂಟೆಗೂ ಬರಲ್ಲ," ಎಂದ ನಂಜುಂಡ, ಅತ್ಯಂತ ವಿನಯದಿಂದ.

ತಮ್ಮಯ್ಯ ಒಪ್ಪಿಬಿಡುತ್ತಿದ್ದರೇನೋ. ಅಷ್ಟರಲ್ಲಿ ಮನೆಯಿಂದ ಬಂದು ಟೀ ಅಂಗಡಿಯ ಮರೆಯಲ್ಲಿ ನಿಂತಿದ್ದ ಉಮಾಮಹೇಶ್ವರಿ ಮುಂದೆ ಬಂದಳು.

"ಅಪ್ಪಾ, ಇವರನ್ನ ಹಿಂದಕ್ಕೆ ಕಳ್ಸಿದ್ರೆ ಇವರಿಗೆ ದಿನಾ ಯುಗಾದಿ. ಅಲ್ಲಿ ವೈರ್ ಇದೆ, ನೋಡ್ಲಿಲ್ವಾ? ಇವರನ್ನ ಮುಂದೆ ನಿಲ್ಸಿ. ಯಾರಿಗೂ ಬೇಡದ ಸವಾರಿ ಎಲ್ಲಾ ಇವರಿಗೇ ಕೊಡಿ. ಒಂದು ಸಲ ಇಲ್ಲ ಅಂದ್ರೂ ಜಾಗ ಕಿತ್ಕೊಳ್ಳಿ, ನಾನೇ ಹೇಳ್ತಾ ಇದೀನಿ."

"ಉಮಾ, ನೀನು ನನ್ ಹೆಂಡ್ತಿನಾ, ಪಬ್ಲಿಕ್ಕಾ?"

"ಪಬ್ಲಿಕ್ ಆಗಿದ್ರೆ ಇಷ್ಟು ಕಡಿಮೆ ಬೈತಿರ್ಲಿಲ್ಲ ರೀ."

ತೀರ್ಪು ಹೊರಬಿತ್ತು. ನಂಜುಂಡ 'ವರಾದು' ಎನ್ನುವ ಹಾಗಿಲ್ಲ. ಯಾರೇ ಬರಲಿ, ಎಲ್ಲಿಗೇ ಕರೆಯಲಿ, ಹೋಗಬೇಕು, ಕರೆದವರನ್ನು ಹೇಳಿದಲ್ಲಿಗೆ ಮುಟ್ಟಿಸಬೇಕು. ಒಂದು ನಿರಾಕರಣೆ, ಇಲ್ಲವೇ ಪ್ರಯಾಣಿಕರಿಂದ ಇನ್ನೊಂದು ದೂರು, ಜಾಗ ಹೋಯಿತು.

ಅಂದಿನಿಂದ ಸ್ಟ್ಯಾಂಡಿನ ಕೊಚ್ಚೆಯೆಲ್ಲ ನಂಜುಂಡನ ಕಡೆ ಹರಿಯಿತು. ಮೂಲೆ ತಿರುಗಿದರೆ ಮುಗಿಯುವ ಸವಾರಿ, ಕುರಿಯ ಜೊತೆ ಬಂದವರು, ಚಿಲ್ಲರೆಗಾಗಿ ಕಾನೂನು ಮಾತಾಡುವ ವಕೀಲರು, ದಾರಿಯುದ್ದಕ್ಕೂ ಎಕ್ಸ್‌ರೇ ತೋರಿಸುವವರು. ಅವನು ಎಲ್ಲರನ್ನೂ ಹಲ್ಲು ಕಚ್ಚಿ ಹೊತ್ತ. ಆದರೂ ಊಟ ಬಿಟ್ಟು, ಸ್ನಾನ ಬಿಟ್ಟು, ಹೇಗೋ ಮಿಥುನನಿಗಿಂತ ಒಂದು ಗೇಣು ಮುಂದೆಯೇ ಉಳಿದಿದ್ದ. ಭಾನುವಾರ ಬಂತು. ಸಂಜೆ ಆರರವರೆಗೆ ಆಟೋ ಮಹಾರಾಜ ಓಡುತ್ತಿದ್ದರೆ ಸಾಕು, ಕಿರೀಟ ಉಳಿಯುತ್ತದೆ.

ನಾಲ್ಕೂವರೆಗೆ ವಾಸಂತಿ ಬಂದರು. ಈಗ ಕಣ್ಣು ನಿಚ್ಚಳವಾಗಿತ್ತು.

"ಸೌಕಾರ್‌ಪೇಟೆ. ಹೋಗಿ, ಅಲ್ಲೆ ಕಾಯ್ದು, ವಾಪಸ್ ಬರೂದು. ನಮ್ಮ ಅಕ್ಕನ ಮಗಳು ಮಧುರಾನ ನಿಶ್ಚಯಕ್ಕ ತಾಂಬೂಲದ ಚೀಲ ತರಬೇಕು. ಬರತೀರೋ, ಇಲ್ಲ ಅಂತೀರೋ?" ಕೊನೆಯ ಮಾತನ್ನು ಅವರು ಸಕ್ಕರೆಯಲ್ಲಿ ಅದ್ದಿ ಹೇಳಿದರು. ಸೌಕಾರ್‌ಪೇಟೆ ಊರಿನ ಇನ್ನೊಂದು ತುದಿ; ತೀರ್ಪಿನ ಸುದ್ದಿ ಅವರಿಗೂ ಮುಟ್ಟಿತ್ತು.

ತಮ್ಮಯ್ಯ ಸೀಟಿಯನ್ನು ತುಟಿಗೆ ಇಟ್ಟುಕೊಂಡು ನೋಡುತ್ತಿದ್ದರು. ಹತ್ತು ಡ್ರೈವರುಗಳು ಟೀ ಲೋಟ ಹಿಡಿದು ನೋಡುತ್ತಿದ್ದರು.

"ಬರ್ತೀನಿ," ಎಂದ ನಂಜುಂಡ. ವಿಷ ನುಂಗಿದ ದೇವರ ಹೆಸರಿಟ್ಟುಕೊಂಡವನು. ಅಂದು ಆ ಹೆಸರು ಸಾರ್ಥಕವಾಯಿತು.

ಹೋಗಿಬರುವ ಬಾಡಿಗೆಯನ್ನು ಅಲ್ಲೇ ಚೌಕಾಸಿ ಮಾಡಿ, ಮೀಟರಿಲ್ಲದೆ, ಗೊತ್ತು ಮಾಡಿ ಹೊರಟರು. ಫೋನನ್ನು ಹ್ಯಾಂಡಲಿನ ಸ್ಟ್ಯಾಂಡಿಗೆ ಸಿಕ್ಕಿಸಿದ ನಂಜುಂಡ, ಬಲಗೈಯಲ್ಲಿ ನಿಜವಾದ ಆಟೋ, ಎಡ ಹೆಬ್ಬೆರಳಿನಲ್ಲಿ ಸುಳ್ಳು ಆಟೋ ಓಡಿಸತೊಡಗಿದ. ಇಂಥ ಸಾರಥ್ಯ ಹಿಂದೆಂದೂ ನಡೆದಿರಲಾರದು. ವಡಪಳನಿ ಸಿಗ್ನಲಿನಲ್ಲಿ ಒಂದು ಬಸ್ಸು ಅವನ ಕಿವಿಯ ಪಕ್ಕದಲ್ಲೇ ಉಸಿರು ಬಿಟ್ಟಾಗ ವಾಸಂತಿಗೆ ಗೊತ್ತಾಯಿತು. ಹಿಂದಿನಿಂದ ಕೈ ಚಾಚಿ ಫೋನನ್ನು ಕಿತ್ತುಕೊಂಡರು.

"ಅಮ್ಮಾ! ಅಮ್ಮಾ ಕೊಡಿ! ಆರು ಗಂಟೆವರೆಗೂ ನಿಲ್ಬಾರ್ದು ಅದು!"

"ನನ್ನ ಜೀವಾ ನಿಂತು ಹೋದ್ರ ಅಡ್ಡಿ ಇಲ್ಲೇನು? ರಸ್ತಾ ನೋಡ್ರಿ!"

"ಹಾಗಾದ್ರೆ ನೀವಾದ್ರೂ ಓಡ್ಸೀಮ್ಮಾ. ಬಲಗಡೆ ಒತ್ತಿದ್ರೆ ಹೋಗುತ್ತೆ. ಕಾಲಿಗೆ ಬೀಳ್ತೀನಿ."

ವಾಸಂತಿ ತಿರಸ್ಕಾರದಿಂದ ಬಲಗಡೆ ಒತ್ತಿದರು. ಪರದೆಯ ಆಟೋ ಹೊರಟಿತು. ಹಸಿರು ದೀಪದ ಹೆಂಗಸೊಬ್ಬಳು ಹತ್ತಿದಳು. ಮುಂದಿನ ಸಿಗ್ನಲು ಬರುವಷ್ಟರಲ್ಲಿ ವಾಸಂತಿಯವರ ಬೆನ್ನು ಸೀಟಿನಿಂದ ಎದ್ದಿತ್ತು, ನಾಲಿಗೆಯ ತುದಿ ಹಲ್ಲುಗಳ ನಡುವೆ ಬಂದಿತ್ತು.

"ಸುತ್ತು ಹಾಕ್ಸಿ ಅಮ್ಮಾ! ನೆಟ್ಟಗೆ ಹೋಗ್ಬೇಡಿ! ಮೀಟರ್ ಓಡ್ಬೇಕು!" ಎಂದು ಮುಂದಿನಿಂದ ನಂಜುಂಡ ಕಿರುಚುತ್ತಿದ್ದ.

ಅವನು ಹೇಳಬಾರದಿದ್ದ ಮಾತು ಅದೊಂದೇ. ಸುತ್ತು ಹಾಕುವ ಆಟೋದವರ ಜೊತೆ ಜೀವಮಾನವಿಡೀ ಹೋರಾಡಿದ ಹೆಂಗಸು ಅವರು. ಈಗ ಆಟೋ ಅವರ ಕೈಯಲ್ಲಿತ್ತು. "ಪಾಪ, ಆಕಿಗೆ ಮನೀಗೆ ಹೋಗಬೇಕಾಗಿರತದ. ನಾ ಯಾಕ ಸುತ್ತು ಹಾಕಲಿ?" ಎಂದು ಅತಿ ಹತ್ತಿರದ ದಾರಿಯಲ್ಲಿ ಒಯ್ದರು. ಕೆಂಪು ದೀಪಕ್ಕೆಲ್ಲ ನಿಂತರು. ಮುದುಕರು ಹತ್ತುವಾಗ ಕಾದರು. ಪ್ರತಿಯೊಬ್ಬರನ್ನೂ ಅವರವರ ಬಾಗಿಲಿನ ಮುಂದೆಯೇ ಇಳಿಸಿದರು. ಯಾವ ಕಂಬಕ್ಕೂ ಗುದ್ದಲಿಲ್ಲ. ಚೆನ್ನೈ ನಗರ ಎಷ್ಟೋ ಕಾಲದಿಂದ ಕನಸು ಕಂಡ ಆಟೋ ಡ್ರೈವರು ಕೊನೆಗೂ ಅವತರಿಸಿ, ಕಿರೀಟದ ಅಂಕಗಳನ್ನು ಒಂದೊಂದಾಗಿ ಮಣ್ಣುಪಾಲು ಮಾಡಿದರು.

ಸೌಕಾರ್‌ಪೇಟೆಯ ಗಲ್ಲಿಯಲ್ಲಿ, ಕೈಗಾಡಿಗಳ ಮಧ್ಯೆ ಸಿಕ್ಕಿಕೊಂಡಾಗ ಆರು ಹೊಡೆಯಿತು. ವಾಸಂತಿ ಫೋನನ್ನು ಹೆಮ್ಮೆಯಿಂದ ಹಿಂತಿರುಗಿಸಿದರು. "ತೊಗೋರಿ. ಎಲ್ಲಾರನ್ನೂ ಮುಟ್ಟಿಸೀನಿ, ಒಬ್ಬರ ಕೂಡನೂ ಜಗಳಾ ಇಲ್ಲ. ಆಟೋ ಅಂದ್ರ ಹೀಂಗ ಓಡಸಬೇಕು."

ಪರದೆಯ ಮೇಲೆ ಮಿಥುನನ ಆಟೋ ಕುಣಿಯುತ್ತಿತ್ತು. ಅದರ ತಲೆಯ ಮೇಲೆ ಕಿರೀಟ.

ವಾಸಂತಿ ಚೀಲದ ಅಂಗಡಿಗೆ ಹೋಗಿ ಬರುವವರೆಗೂ ನಂಜುಂಡ ಆ ಕಿರೀಟವನ್ನೇ ನೋಡುತ್ತ ಕುಳಿತ. ಮೂಟೆಗಳು ಆಟೋ ಸೇರಿದಾಗ ಅವನು ಗಾಡಿ ಸ್ಟಾರ್ಟ್ ಮಾಡಿದ. ನಿರಾಕರಿಸುವಂತಿಲ್ಲ, ಸರಿ. ಆದರೆ ಯಾವ ದಾರಿಯಲ್ಲಿ ಎಂದು ತೀರ್ಪಿನಲ್ಲಿ ಎಲ್ಲಿ ಹೇಳಿದೆ? ಪಡುವಣಕ್ಕೆ, ಪೋರೂರಿನ ಕಡೆಗೆ ತಿರುಗಬೇಕಾದವನು ಮೂಡಣಕ್ಕೆ ತಿರುಗಿಸಿದ. ಸುತ್ತು! ಮಹಾ ಸುತ್ತು! ರಾಯಪುರಂ, ಬಂದರು, ಸಮುದ್ರ ತೀರ, ಅಡಯಾರು, ಇಡೀ ಊರನ್ನು ಸುತ್ತಿಸಿ ಈ ಹೆಂಗಸನ್ನು ಸುಲಿದುಬಿಡುತ್ತೇನೆ ಎಂದು ಹಲ್ಲು ಕಡಿದ.

"ಇದ್ಯಾವ ದಾರಿ?" ಎಂದರು ವಾಸಂತಿ.

"ಶಾರ್ಟ್‌ಕಟ್."

ವಾಸಂತಿಗೆ ಊರೆಲ್ಲ ಗೊತ್ತು. ನಂಜುಂಡ ಕನ್ನಡಿಯಲ್ಲಿ ನೋಡಿದ, ಈಗ ಸಿಡಿಯುತ್ತಾರೆ, ಈಗ ಸಿಡಿಯುತ್ತಾರೆ ಎಂದು. ಅವರು ಮೂಟೆಗೆ ಒರಗಿ, ಗಾಳಿಗೆ ಸೆರಗು ಬಿಟ್ಟುಕೊಂಡು, ನಸುನಗುತ್ತಿದ್ದರು.

"ಹೋಗ್ರಿ, ಹೋಗ್ರಿ. ಸಮುದ್ರಾ ನೋಡದ ಭಾಳ ದಿನಾ ಆತು. ಬಾಡಿಗಿ ಮೊದಲ ಗೊತ್ತು ಮಾಡೇವಲ್ಲ, ಎಷ್ಟು ಸುತ್ತಿದ್ರೂ ಗ್ಯಾಸು ನಿಮ್ದು."

ನಂಜುಂಡ ಆಕ್ಸಿಲರೇಟರ್ ಸಡಿಲಿಸಿದ. ಓಡಿದಷ್ಟೂ ಏರುವ ಮೀಟರು ಇನ್ನೊಂದು ಊರಿನಲ್ಲಿತ್ತು, ತೆಂಗಿನ ಮರಗಳ ಕೆಳಗೆ. ಈ ಊರಿನಲ್ಲಿ, ಹುಟ್ಟಿದಂದಿನಿಂದ ಬೆಳೆದ ಊರಿನಲ್ಲಿ, ಬಾಯಿಮಾತಿನಲ್ಲಿ ಬಾಡಿಗೆ ಗೊತ್ತು ಮಾಡಿದ ಮೇಲೆ ಸುತ್ತು ಹಾಕುವ ಆಟೋದವನು ಇವನೊಬ್ಬನೇ ಇರಬೇಕು.

ತಿರುಗಿಸೋಣವೆಂದರೆ ತಿರುಗುವಂತಿಲ್ಲ. ಹಾರ್ಬರಿಗೆ ಹೋಗುವ ಕಂಟೇನರ್ ಲಾರಿಗಳು ಮುಂದೊಂದು, ಹಿಂದೊಂದು, ಪಕ್ಕದಲ್ಲೊಂದು. ಒಂದೊಂದು ಚಕ್ರವೂ ಅವನ ಆಟೋದಷ್ಟು ಎತ್ತರ. ಆನೆಗಳ ಸಾಲಿಗೆ ಸೇರಿದ ಹೆಗ್ಗಣದಂತೆ ನಂಜುಂಡ ಇಂಚಿಂಚು ತೆವಳಿದ. ರಾಯಪುರಂ ಮೀನಿನ ದಕ್ಕೆಯ ಹತ್ತಿರ ಆಟೋ ಮೂರು ಸಲ ಕೆಮ್ಮಿ, ಗ್ಯಾಸು ತೀರಿ, ನಿಂತಿತು.

ನಂಜುಂಡ ಹಿಂದೆ ತಿರುಗಿದ. ಬೇರೆ ಆಟೋದಲ್ಲಿ ಹೋಗಿ ಎನ್ನುವ ಮಾತು ನಾಲಿಗೆಯವರೆಗೂ ಬಂತು. ಅದನ್ನು ಆಡಿದರೆ ಪ್ರಯಾಣಿಕರನ್ನು ಮುಟ್ಟಿಸದೆ ಬಿಟ್ಟಂತೆ. ಸ್ಟ್ಯಾಂಡಿನ ಜಾಗಕ್ಕೆ ಅಲ್ಲೇ ಎಳ್ಳುನೀರು. ವಾಸಂತಿಗೂ ಅದು ಗೊತ್ತಿತ್ತು. ಹುಬ್ಬೆತ್ತಿ ಕಾದರು.

"ಇಳೀಬೇಕೇನು ನಾ?"

"ಬೇಡಮ್ಮಾ," ಎಂದ ನಂಜುಂಡ. ಇಳಿದು ಹಿಂದೆ ಹೋಗಿ ಭುಜ ಕೊಟ್ಟ.

ಆ ಮೆರವಣಿಗೆಯನ್ನು ರಾಯಪುರಂ ಬಹಳ ಕಾಲ ನೆನೆಯಬೇಕು. ಬಲೆ ಹೆಣೆಯುತ್ತಿದ್ದವರು ಎದ್ದು ನಿಂತರು. ಮೀನು ಮಾರುವ ಹೆಂಗಸೊಬ್ಬಳು "ಏಂಪಾ, ಅಂದ ಅಮ್ಮಾವ ಇರಕ್ಕಿ ವಿಡಕ್ಕೂಡಾದಾ?" ಎಂದು ಕೂಗಿದಳು, ಆ ಅಮ್ಮನನ್ನು ಇಳಿಸಿ ತಳ್ಳಬಾರದೇನಯ್ಯಾ ಎಂದು. ನಂಜುಂಡ ತಳ್ಳುತ್ತಲೇ ಇದ್ದ. ಲಾರಿಗಳ ಹಾರನ್ನುಗಳ ನಡುವೆ, ತಾಂಬೂಲದ ಮೂಟೆಗಳ ಸಮೇತ, ಬ್ಯಾಂಕಿನ ನಿವೃತ್ತ ಮ್ಯಾನೇಜರನ್ನು ತಳ್ಳಿಕೊಂಡು ಆಟೋ ಮಹಾರಾಜರು ಗ್ಯಾಸ್ ಬಂಕಿನತ್ತ ದಯಮಾಡಿಸಿದರು. ಒಳಗಿನಿಂದ ಆಗಾಗ ಕೀರಲು ಹಾರನ್ನು, ಮೀಟರಿನ ಟಿಂಗ್ ಸದ್ದು. ಚೀಲ ಕಟ್ಟಿಸುವಾಗ ಅಂಗಡಿಯ ಹುಡುಗಿಯ ಕೈಲಿ ವಾಸಂತಿ ಆ ಆಟವನ್ನು ತಮ್ಮ ಫೋನಿಗೂ ಹಾಕಿಸಿಕೊಂಡಿದ್ದರು.

ಪೋರೂರಿಗೆ ಬಂದಾಗ ಸ್ಟ್ಯಾಂಡಿನಲ್ಲಿ ಎಲ್ಲರೂ ಕಾಯುತ್ತಿದ್ದರು. ಇಷ್ಟು ಹೊತ್ತಾದ ಮೇಲೆ ಎಲ್ಲೋ ಎಡವಟ್ಟಾಗಿದೆ ಎಂದು ತಮ್ಮಯ್ಯನಿಗೆ ಗೊತ್ತಾಗಿತ್ತು. ಉಮಾಮಹೇಶ್ವರಿಯೂ ಬಂದಿದ್ದಳು. ಬೆವರು, ಗ್ರೀಸು, ಮೀನಿನ ವಾಸನೆಯಲ್ಲಿ ಮಿಂದ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು.

"ಮೇಡಂ," ಎಂದರು ತಮ್ಮಯ್ಯ, ಕೈ ಕಟ್ಟಿಕೊಂಡು. "ನಮ್ಮ ಹುಡುಗನ ಮೇಲೆ ದೂರೇನಾದ್ರೂ ಇದ್ರೆ ಈಗ್ಲೇ ಹೇಳ್ಬಿಡಿ. ಅಳಿಯ ಅಂತ ನೋಡಲ್ಲ. ಈ ಕ್ಷಣವೇ ಜಾಗ ಖಾಲಿ ಮಾಡಿಸ್ತೀನಿ."

ನಂಜುಂಡ ನೆಲ ನೋಡಿದ. ಸುಳ್ಳು ದಾರಿ, ಗ್ಯಾಸಿಲ್ಲದ ಗಾಡಿ, ಹಾಳಾದ ಸಂಜೆ. ದೂರಿಗೆ ಏನು ಕಡಿಮೆ? ಹತ್ತು ಡ್ರೈವರುಗಳಲ್ಲಿ ಒಬ್ಬ ಆಗಲೇ ಆ ಜಾಗಕ್ಕೆ ತನ್ನ ಭಾವಮೈದುನನ ಹೆಸರನ್ನು ಪಕ್ಕದವನ ಕಿವಿಯಲ್ಲಿ ಹೇಳುತ್ತಿದ್ದ.

ವಾಸಂತಿ ಫೋನನ್ನು ಬ್ಯಾಗಿಗೆ ಹಾಕಿ, ಜಿಪ್ಪು ಎಳೆದು, ನಿಧಾನವಾಗಿ ಇಳಿದರು.

"ದೂರು ಅವ, ಒಂದ ರಾತ್ರಿ ಹೇಳಿದ್ರೂ ಮುಗಿಯೂದಿಲ್ಲ. ಆದ್ರ ಹೇಳಂಗಿಲ್ಲ," ಎಂದರು. "ಇವರನ್ನ ತಗದ್ರ ನನಗೇನು ಲಾಭ? ಇಷ್ಟು ದೊಡ್ಡ ಊರಾಗ 'ಇಲ್ಲ' ಅನ್ನಲಾರದ ಆಟೋ ಇದೊಂದ ಅದ. ಅದನ್ನ ಕಳಕೊಳ್ಳಲಿಕ್ಕೆ ನಾ ಏನು ಹುಚ್ಚಿ ಏನ್ರೀ? ಮಧುರಾನ ಮದುವಿ ಮುಗಿಯೂತನಕ ದಿನಾ ಮುಂಜಾನೆ ನಮ್ಮ ಮನಿ ಮುಂದ ನಿಂದರಸ್ರಿ. ಸೀರಿ, ಪಾತ್ರಿ, ಅಡಗಿಯವರು, ಬೀಗರು, ಎಲ್ಲಾ ಇವರ ಗಾಡಿಯಾಗೇ."

"ಮದುವೆ ಯಾವಾಗಮ್ಮಾ?" ಎಂದು ನಂಜುಂಡ ಕೇಳಿದ.

"ಇನ್ನೂ ನಿಶ್ಚಯನ ಆಗಿಲ್ಲಲ್ರೀ," ಎಂದರು ವಾಸಂತಿ. "ಈಗ ನಮ್ಮ ಮನಿಗೆ ನಡ್ರಿ, ಮೂಟಿ ಮ್ಯಾಲಿನ ಮಹಡಿ ತನಕ ತಂದು ಇಡ್ರಿ. ಲಿಫ್ಟ್ ಕೆಟ್ಟದ."